ಜಮಖಾನದ ಪೂರ್ವಪಕ್ಷ

ಹನುಮಕ್ಕ ಕೂತು ಎದ್ದು ಹೋದ ಮರುದಿನ ಬೆಳಗ್ಗೆ, ಪರಮಶಿವಯ್ಯನವರ ಮನೆಯ ಹಾಲಿನಲ್ಲಿ ಹಾಸಿದ್ದ ಜಮಖಾನವನ್ನು ಡೆಟಾಲ್ ಹಾಕಿ ಎರಡು ಸಲ ಒಗೆಸಿ ತಾರಸಿಯಿಂದ ಇಳಿಬಿಟ್ಟರು.

ಆ ಸೋಮವಾರ ಹನುಮಕ್ಕನ ಮಗಳು ಭಾಗ್ಯ ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಳು. ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಅವಳು ದಿನಾ ಚಾಮರಾಜಪೇಟೆಯ ಆ ಮನೆಯ ಮುಂದೆಯೇ ಹಾದುಹೋಗಬೇಕು. ನೀರು ಕುಡಿದು ಭಾರವಾದ ಜಮಖಾನ ಗೋಡೆಗುಂಟ ಜೋತುಬಿದ್ದಿತ್ತು. ಕೆಳಗೆ ಯಾರೋ ನಿಲ್ಲಿಸಿ ಹೋಗಿದ್ದ ಸ್ಕೂಟರಿನ ಸೀಟಿನ ಮೇಲೆ ಅದರ ನೀರು ತೊಟ್ಟಿಕ್ಕುತ್ತಿತ್ತು. ಅಬ್ಬಾ, ಕೊನೆಗೂ ಒಗೆದರಲ್ಲ ಅಂದುಕೊಂಡಳು. ಹಿಂದಿನ ದಿನ ಆ ಮನೆಯಲ್ಲೇ ಸೇರಿದ್ದ ವಾದಕೂಟದಲ್ಲಿ ಅವಳು ಮಾತಿನ ನಡುವೆ ಧೂಳಿಗೆ ಸೀನಿದ್ದಳು, ಎಲ್ಲರೂ ನಕ್ಕಿದ್ದರು. ತನ್ನ ಸೀನು ಕೇಳಿ ಪರಮಶಿವಯ್ಯನವರ ಹೆಂಡತಿ ತ್ರಿಪುರಸುಂದರಮ್ಮ ಒಗೆಸಿರಬೇಕು ಎಂದು ಅವಳಿಗೆ ಒಂದು ಬಗೆಯ ಸಂತೋಷವೂ ಆಗಿತ್ತು. ನನಗೋಸ್ಕರ ಅಷ್ಟು ದೊಡ್ಡ ಜಮಖಾನ ಒಗೆಸಿದರಲ್ಲ ಎಂಬ ಸಂತೋಷ. ಕಾಲೇಜು ಮುಟ್ಟುವವರೆಗೂ ಅದು ಅವಳ ಜೊತೆಗಿತ್ತು. ವಾರ ಕಳೆದ ಮೇಲೆ ಈಗ ಅದೇ ಸಂತೋಷ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕೂತಿತ್ತು. ಬೇಡವೆಂದರೂ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಇವತ್ತು ಭಾನುವಾರ. ಶ್ರೀನಗರದ ಬಾಡಿಗೆ ಮನೆಯಿಂದ ಹೊರಟು ರಾಮಕೃಷ್ಣಾಶ್ರಮದ ಹತ್ತಿರ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಬಸ್ಸು ಸಿಗುತ್ತಿತ್ತು, ಆದರೂ ನಡೆದೇ ಹೊರಟಿದ್ದಳು, ತಡವಾದಷ್ಟೂ ಒಳ್ಳೆಯದು ಅನ್ನುವಂತೆ. 'ಏನ್ ಮೇಡಂ, ಕಿವೀಲಿ ಫೋನಾ?' ಎಂದು ಹೂ ಕಟ್ಟುತ್ತಿದ್ದ ಹೆಂಗಸು ಕೇಳಿದಾಗಲೇ ತಾನು ಗಟ್ಟಿಯಾಗಿ ಮಾತಾಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು. ಕಿವಿಯಲ್ಲಿ ಫೋನಿರಲಿಲ್ಲ. ಅವಳು ತ್ರಿಪುರಸುಂದರಮ್ಮನ ಪರವಾಗಿ ಮಾತಾಡುತ್ತಿದ್ದಳು. ಇವತ್ತಿನ ಕೂಟದಲ್ಲಿ ಅವಳ ಕೆಲಸ ಅದು. ತರ್ಕಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾದ ಪರಮಶಿವಯ್ಯ ತಮ್ಮ ಮನೆಯ ಹಾಲಿನಲ್ಲೇ ಕಟ್ಟಿ ಬೆಳೆಸಿದ ವಾದಕೂಟಕ್ಕೆ ಇರುವುದು ಒಂದೇ ಕಟ್ಟಳೆ. ಒಬ್ಬರ ಮಾತನ್ನು ಅಲ್ಲಗಳೆಯುವ ಮುಂಚೆ ಆ ಮಾತನ್ನು ಅವರಿಗಿಂತ ಚೆನ್ನಾಗಿ ನೀನೇ ಹೇಳಬೇಕು. ಅದು ಪೂರ್ವಪಕ್ಷ. ಎದುರಿನವರು ಕೇಳಿ 'ಹೌದು, ನನ್ನ ಮಾತು ಇದೇ' ಎಂದು ತಲೆಯಾಡಿಸಬೇಕು. ಆ 'ಹೌದು' ಬರುವವರೆಗೆ ನಿನ್ನ ಉತ್ತರಪಕ್ಷಕ್ಕೆ ಜಾಗವಿಲ್ಲ. ಭಾಗ್ಯ ಅದರಲ್ಲಿ ಎಲ್ಲರಿಗಿಂತ ಮುಂದು. ಅವಳು ಹೇಳಿದ ಪೂರ್ವಪಕ್ಷ ಕೇಳಿ ಎದುರಾಳಿಗಳೇ 'ನಾನು ಇಷ್ಟು ಚೆನ್ನಾಗಿ ಯೋಚಿಸಿರಲಿಲ್ಲ ಕಣ್ರೀ' ಎಂದದ್ದುಂಟು.

ಆ ಕೂಟಕ್ಕೆ ಬರುವ ಮುಂಚೆ ಅವಳಿಗೆ ಗೊತ್ತಿದ್ದದ್ದು ಕೂಗಾಟ ಮಾತ್ರ. ವಠಾರದ ನಲ್ಲಿಯ ಮುಂದೆ ಗಂಟಲು ದೊಡ್ಡದಿದ್ದವರದೇ ಬಿಂದಿಗೆ ಮೊದಲು ತುಂಬುತ್ತಿತ್ತು. ಆಮೇಲೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಗಂಟಲಿನ ಕೆಲಸವೇ ಇರಲಿಲ್ಲ. 'ನಿಮಗೇನ್ರಿ ಬಿಡಿ, ಕೋಟಾದಲ್ಲಿ ಬಂದೋರು' ಎಂದು ನಗುನಗುತ್ತ ಹೇಳಿ ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿಯುತ್ತಿದ್ದರು. ಅವಳು ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದಳು. ಆ ನಗುವಿಗೆ ಹೆಸರಿದೆ ಎಂದು ತಿಳಿದದ್ದು ವಾದಕೂಟದಲ್ಲಿ. ಮಾತನ್ನು ಬಿಟ್ಟು ಮಾತಾಡಿದವನಿಗೆ ಹೊಡೆಯುವುದು 'ಆಳೇಟು'. ಎದುರಿನವನು ಹೇಳದ್ದನ್ನು ಹೇಳಿದ ಎಂದು ನಿಲ್ಲಿಸಿ, ನಿಲ್ಲಿಸಿದ್ದನ್ನೇ ಕೆಡವಿ ಗೆದ್ದೆ ಅನ್ನುವುದು 'ಬೆರ್ಚಪ್ಪ'. ಇವತ್ತು ಇದಕ್ಕೆ ಒಪ್ಪಿದರೆ ನಾಳೆ ಅದಕ್ಕೂ ಒಪ್ಪಬೇಕಾಗುತ್ತೆ ಎಂದು ಹೆದರಿಸುವುದು 'ಜಾರುಬಂಡೆ'. ಇವೆಲ್ಲ ಕೂಟದವರೇ ಕಟ್ಟಿಕೊಂಡ ಪದಗಳು. ಯಾರಾದರೂ ಬಾಯಿತಪ್ಪಿ ಅಂಥದೊಂದು ಆಡಿದರೆ ಇಡೀ ಹಾಲು ಶಾಲೆಮಕ್ಕಳ ಹಾಗೆ ಒಟ್ಟಿಗೆ 'ಆಳೇಟೂ!' ಎಂದು ಕೂಗಿ ನಗುತ್ತಿತ್ತು. ಎಷ್ಟು ದೊಡ್ಡ ಮನುಷ್ಯನಾದರೂ ಕೈಮುಗಿದು ಮಾತು ವಾಪಸು ತಗೊಳ್ಳಬೇಕು. ಮೊದಲ ಸಲ ಆ ಕೂಗಿಗೆ ದನಿ ಸೇರಿಸಿದ ದಿನ ಭಾಗ್ಯ ಮನೆಗೆ ಹೋಗುವ ದಾರಿಯಲ್ಲಿ ಅತ್ತಿದ್ದಳು. ಲೋಕದಲ್ಲಿ ಒಂದು ಹಾಲಿನಷ್ಟಾದರೂ ಜಾಗ ಇದೆ, ಅಲ್ಲಿ ಮಾತಿಗೆ ಮಾತಷ್ಟೇ ಎದುರು ಎಂದು.

ಇದನ್ನೆಲ್ಲ ಅವಳು ಮನೆಯಲ್ಲಿ ಹೇಳಿ ಹೇಳಿಯೇ ಹನುಮಕ್ಕನಿಗೆ ಆಸೆ ಹುಟ್ಟಿದ್ದು. 'ನನ್ ಮಗಳು ಮಾತಾಡಾದ ಊರೋರೆಲ್ಲ ಕೇಳವ್ರೆ, ನಾನ್ ಮಾತ್ರ ಕೇಳಿಲ್ಲ' ಎಂದು ಹಟ ಹಿಡಿದು, ಗಂಜಿ ಹಾಕಿದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೊರಟಿದ್ದಳು. ಬಾಗಿಲಲ್ಲಿ ತ್ರಿಪುರಸುಂದರಮ್ಮ ಬಾಯ್ತುಂಬ ಬರಮಾಡಿಕೊಂಡರು. 'ಅಯ್ಯೋ ವಯಸ್ಸಾದೋರು, ಕೆಳಗೆ ಕೂರಬೇಡಿ, ಕುರ್ಚಿ ಹಾಕ್ತೀನಿ' ಅಂದರು. ಹನುಮಕ್ಕ ಒಪ್ಪಲಿಲ್ಲ. 'ಅಷ್ಟ್ ದೊಡ್ಡೋರು ಗಂಡಸ್ರೆಲ್ಲ ನೆಲದ್ ಮೇಲವ್ರೆ, ನಾನ್ ಮ್ಯಾಲೆ ಕೂರಾದಾ? ಬುಡವ್ವ' ಎಂದು ಚಪ್ಪಲಿ ಬಿಟ್ಟ ಕಾಲನ್ನು ಸೀರೆ ಅಂಚಿನಿಂದ ಒರೆಸಿಕೊಂಡು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ತ್ರಿಪುರಸುಂದರಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. 'ನಿಮ್ಮನ್ನ ಎಲ್ಲೋ ನೋಡಿದೀನಿ. ತರಗುಪೇಟೇಲಿ ನಮ್ಮ ಭಾವನೋರ ಮಂಡೀಲಿ ಬೇಳೆ ಹಸನು ಮಾಡ್ತಿದ್ರಲ್ವಾ?' ಹನುಮಕ್ಕನ ಮುಖ ಊರಗಲ ಅರಳಿತು. 'ಊಂ ಕಣವ್ವಾ, ನಾನೇಯ! ಮೊರ ಹಿಡ್ಕಂಡು ಬಾಗ್ಲಲ್ಲೇ ಕೂತಿರ್ತಿದ್ದೆ. ನಿಮ್ ಮದ್ವೆ ಬೇಳೆ ಎಲ್ಲಾ ನಾವೇ ಹಸನು ಮಾಡಿದ್ದು.' ಗುರುತು ಹಿಡಿದರಲ್ಲ ಎಂಬ ಆ ಸಂಭ್ರಮ. ಭಾಗ್ಯಳಿಗೆ ಆಗ ನಾಚಿಕೆಯಾಗಿತ್ತು. ಇವಳು ಮೊರದ ಮಾತು ಯಾಕೆ ತೆಗೆದಳು ಎಂದು. ಆ ನಾಚಿಕೆಯನ್ನು ಈಗ ಉಮಾ ಟಾಕೀಸಿನ ಕಡೆಗೆ ಇಳಿಯುತ್ತಾ ನೆನೆದರೆ, ಜಮಖಾನ ಒಗೆಸಿದವರಿಗಿಂತ ಮುಂಚೆ ಅವ್ವ ಕೂತ ಜಾಗವನ್ನು ಮನಸ್ಸಿನಲ್ಲೇ ಒರೆಸಿದವಳು ತಾನು ಅನ್ನಿಸಿ ನಡಿಗೆ ತಡವರಿಸುತ್ತಿತ್ತು.

ಒಗೆದದ್ದು ಪಿಳ್ಳಮ್ಮ. ಆ ಮನೆಯ ಕೆಲಸಕ್ಕೆ ಹೋಗುವ ಪಿಳ್ಳಮ್ಮ ಇರುವುದು ಭಾಗ್ಯಳ ಮನೆಯ ಹಿಂದಿನ ಓಣಿಯಲ್ಲಿ. ಬುಧವಾರ ಸೊಪ್ಪಿನ ಗಾಡಿಯ ಹತ್ತಿರ ಹನುಮಕ್ಕನಿಗೆ ಸಿಕ್ಕಿ ತೋಳು ನೋಯುತ್ತದೆ ಅಂದಳಂತೆ. ಯಾಕೆ ಅಂದರೆ, 'ಅಮ್ಮಾವ್ರು, ಮಂಡಿ ಹೆಂಗಸು ಕೂತವ್ಳೆ, ಆ ಮೂಲೆ ಚೆನ್ನಾಗಿ ಉಜ್ಜು ಅಂತ ಎರಡೆರಡು ಸಲ ಉಜ್ಜಿಸಿದ್ರು' ಅಂದಳಂತೆ. ಮಂಡಿ ಹೆಂಗಸು ಯಾರೆಂದು ಪಿಳ್ಳಮ್ಮನಿಗೆ ಗೊತ್ತಿರಲಿಲ್ಲ. ಹನುಮಕ್ಕ ಹೇಳಲೂ ಇಲ್ಲ. ಸೊಪ್ಪು ತೆಗೆದುಕೊಂಡು ಬಂದು, ಸೋಸುತ್ತ ಕೂತು, ಬೇರೆ ಯಾರದೋ ಮನೆಯ ಸುದ್ದಿ ಎನ್ನುವಂತೆ ಮಗಳಿಗೆ ಹೇಳಿದಳು. ಭಾಗ್ಯಳ ಬಾಯಿಂದ ತಟ್ಟನೆ ಬಂದದ್ದು: 'ಅವ್ವಾ, ಅದು ಕಾಕತಾಳೀಯ.' ಹನುಮಕ್ಕ ಸೊಪ್ಪಿನ ದಂಟು ಮುರಿಯುವುದನ್ನು ನಿಲ್ಲಿಸಿದಳು. 'ಅಂಗಂದ್ರೆ?' ಭಾಗ್ಯ ಬಿಡಿಸಿ ಹೇಳಿದಳು, ತರಗತಿಯಲ್ಲಿ ಹೇಳುವ ಹಾಗೇ: ಕಾಗೆ ಬಂದು ತಾಳೆಮರದ ಮೇಲೆ ಕೂತಿತು, ಅದೇ ಹೊತ್ತಿಗೆ ಹಣ್ಣು ಬಿತ್ತು, ನೋಡಿದೋರು ಕಾಗೆ ಕೂತಿದ್ದಕ್ಕೇ ಹಣ್ಣು ಬಿತ್ತು ಅಂದ್ಕೋತಾರೆ, ಆದ್ರೆ ಹಣ್ಣು ಅಷ್ಟರಲ್ಲಿ ತಾನೇ ಬೀಳೋದಿತ್ತು. ಹನುಮಕ್ಕ ಎಲ್ಲ ಕೇಳಿಸಿಕೊಂಡಳು. 'ಕಾಗೆ ಯಾರು, ನಾನಾ?' ಎಂದಳು. ಆಮೇಲೆ ಮತ್ತೆ ದಂಟು ಮುರಿಯತೊಡಗಿದಳು.

ಆ ರಾತ್ರಿಯೇ ಭಾಗ್ಯ ಪರಮಶಿವಯ್ಯನವರಿಗೆ ಫೋನು ಮಾಡಿ ಕೇಳಿಬಿಟ್ಟಿದ್ದಳು. 'ಭಾಗ್ಯ, ನೀವು ನೊಂದಿದೀರಿ. ನೊಂದಾಗ ಮನಸ್ಸು ಕಾಲಕ್ರಮಾನ ಕಾರಣ ಅಂತ ಓದತ್ತೆ. ಜಗಳ ಬೇಡ, ಇದನ್ನ ಕೂಟದ ಮುಂದೆ ಇಡೋಣ. ಪೂರ್ವಪಕ್ಷ ನೀವೇ ಹೇಳಿ. ನಮ್ಮ ಮನೆಯವರು ಹೌದು ಅನ್ನಲಿ. ಆಮೇಲೆ ನಿಮ್ಮ ಮಾತು ಇಡೀ ಕೂಟ ಕೇಳತ್ತೆ. ತಪ್ಪಿದ್ರೆ ನಾನೇ ನಿಮ್ಮ ತಾಯಿಯವರ ಹತ್ರ ಬಂದು ಕೈ ಮುಗೀತೀನಿ' ಅಂದರು. ಇಷ್ಟು ನ್ಯಾಯವಾಗಿ ಯಾರು ಮಾತಾಡುತ್ತಾರೆ? ಅವಳು 'ಆಯ್ತು ಸಾರ್' ಅಂದಿದ್ದಳು. ಬೆಳಗ್ಗೆ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು: 'ಈ ವಾರ: ಕಾರಣವೋ ಕಾಲಕ್ರಮವೋ? ಒಂದು ಮನೆಯಲ್ಲಿ ಒಂದು ಜಮಖಾನ ಒಗೆಯಲ್ಪಟ್ಟಿತು ಎಂದಿಟ್ಟುಕೊಳ್ಳೋಣ. ಪೂರ್ವಪಕ್ಷ: ಶ್ರೀಮತಿ ಭಾಗ್ಯ.' ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಎಂದಿಟ್ಟುಕೊಳ್ಳೋಣ! ಅವ್ವನ ಬೆನ್ನಿನ ಬೆವರು, ಗಂಜಿಯ ಸೀರೆ, ಪಿಳ್ಳಮ್ಮನ ತೋಳುನೋವು, ಎಲ್ಲವನ್ನೂ ಒಂದು 'ಎಂದಿಟ್ಟುಕೊಳ್ಳೋಣ' ನುಂಗಿ ನೀರು ಕುಡಿದಿತ್ತು.

ಶುಕ್ರವಾರ ಪಾಠ ವಾಕ್ಯದ ಬಗೆಗಳದು. ಹಲಗೆಯ ಮೇಲೆ 'ಮಳೆ ಬಂತು' ಎಂದು ಬರೆದಳು. ಅದರ ಪಕ್ಕ 'ರಸ್ತೆ ಒದ್ದೆಯಾಯಿತು' ಎಂದು ಬರೆದಳು. ಎರಡೂ ಸಾಮಾನ್ಯ ವಾಕ್ಯ. ಎರಡನ್ನೂ 'ಮತ್ತು' ಹಾಕಿ ಜೋಡಿಸಿದರೆ ಸಂಯೋಜಿತ ವಾಕ್ಯ. 'ಮಳೆ ಬಂದದ್ದರಿಂದ ರಸ್ತೆ ಒದ್ದೆಯಾಯಿತು' ಅಂದರೆ ಮಿಶ್ರ ವಾಕ್ಯ. ಒಂದು ಇನ್ನೊಂದರ ಮೇಲೆ ನಿಂತಿದೆ, ನೋಡಿ. ಹುಡುಗಿಯರು ಬರೆದುಕೊಂಡರು. ಯಾರೊಬ್ಬರೂ ಏಳಲಿಲ್ಲ, ಮಿಸ್, ಮಳೆ ಬಂದದ್ದರಿಂದಲೇ ಅಂತ ಹೇಗೆ ಹೇಳ್ತೀರಿ, ಅಷ್ಟರಲ್ಲಿ ಯಾರಾದರೂ ನೀರು ಚೆಲ್ಲಿರಬಾರದಾ ಎಂದು ಕೇಳಲಿಲ್ಲ. ಮಳೆಯ ಮೇಲೆ ಮಾತು ಹೊರಿಸಲು ಯಾರಿಗೂ ಸಾಕ್ಷಿ ಬೇಡ. ಹನುಮಕ್ಕ ಕೂತಳು, ಸಾಮಾನ್ಯ ವಾಕ್ಯ. ಜಮಖಾನ ಒಗೆದರು, ಸಾಮಾನ್ಯ ವಾಕ್ಯ. ಇವೆರಡನ್ನೂ ಯಾರೂ ಅಲ್ಲಗಳೆಯುವುದಿಲ್ಲ. ಬೇಕಾದರೆ ಪರಮಶಿವಯ್ಯನವರೇ ಕಾಫಿ ಕುಡಿಯುತ್ತ ಹೇಳಿಯಾರು. ಎರಡರ ನಡುವೆ ಒಂದು 'ದ್ದರಿಂದ' ಇಡಲು ಹೋದರೆ ಮಾತ್ರ ಊರಿಗೆ ಊರೇ ಪ್ರಮಾಣ ಕೇಳುತ್ತದೆ. ಸೀಮೆಸುಣ್ಣ ಕೈಯಲ್ಲೇ ಪುಡಿಯಾಗಿತ್ತು.

ಇವತ್ತು ಹೊರಡುವಾಗ ಹನುಮಕ್ಕ ಬಾಗಿಲಿಗೆ ಬಂದಳು. 'ಜಗಳ ಆಡ್ಬೇಡ ಮಗ. ಧೂಳಿತ್ತು ಅದ್ರಾಗೆ. ನಾನೇ ಕಂಡೆ, ಕೂತಾಗ ಸೀರೆಗೆಲ್ಲ ಮೆತ್ಕಂತು. ಒಗ್ಯಾ ಹೊತ್ತು ಬಂದಿತ್ತು, ಒಗ್ದವ್ರೆ. ನೀನೇ ಅಂದಲ್ಲ, ಅದೇ, ಕಾಗೆದು.' ಅವಳ ಮುಖದಲ್ಲಿ ಕೋಪ ಇರಲಿಲ್ಲ. ಮಗಳಿಗೆ ಸಿಕ್ಕ ಜಾಗ ತನ್ನಿಂದ ಕೈತಪ್ಪಬಾರದು ಎಂಬ ದಿಗಿಲು ಇತ್ತು. ನಾನು ಬರದೇ ಇದ್ರೆ ಚೆಂದಾಗಿತ್ತು ಎಂಬ ಮಾತು ಬಾಯೊಳಗೇ ಇತ್ತು. ತನ್ನ ಅಪಮಾನಕ್ಕೆ ತಾನೇ ವಕೀಲಳಾಗಿ ನಿಂತ ಆ ಮುದುಕಿಯನ್ನು ನೋಡಲಾರದೆ ಭಾಗ್ಯ ಗೇಟು ತೆಗೆದು ಹೊರಟುಬಿಟ್ಟಿದ್ದಳು.

ಆದರೂ ದಾರಿಯುದ್ದಕ್ಕೂ ಪೂರ್ವಪಕ್ಷ ತಾನಾಗಿ ಬೆಳೆಯುತ್ತಿತ್ತು. ನಮ್ಮದು ಹತ್ತು ಜನ ಬಂದುಹೋಗುವ ಮನೆ. ವರ್ಷದಿಂದ ಒಗೆಯದ ಜಮಖಾನ. ಭಾಗ್ಯ ಅವರೇ ಧೂಳಿಗೆ ಸೀನಿದರು, ನೀವೆಲ್ಲ ಕೇಳಿದ್ದೀರಿ. ಭಾನುವಾರ ಕೂಟ, ಒಗೆಸಿದರೆ ಸೋಮವಾರವೇ ಒಗೆಸಬೇಕು. ವಾರವೆಲ್ಲ ಒಣಗಲು ಸಮಯ ಬೇಕಲ್ಲ. ಸರಿ, ಇಷ್ಟನ್ನು ಯಾರಾದರೂ ಹೇಳಿಯಾರು. ಆಮೇಲೆ ಹೊಳೆಯಿತು: ತಮ್ಮ ಮಗಳು ಮೈಸೂರಿನಿಂದ ಅಂಬೆಗಾಲಿಡುವ ಕೂಸನ್ನು ಕರೆದುಕೊಂಡು ಬರುವವಳಿದ್ದಾಳೆ ಎಂದು ಪರಮಶಿವಯ್ಯ ಒಮ್ಮೆ ಗುಂಪಿನಲ್ಲಿ ಹಾಕಿದ್ದರು. ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳುತ್ತದೆ. ಅದಕ್ಕೆ ಡೆಟಾಲ್. ಅದಕ್ಕೇ ಎರಡು ಸಲ. ಎಷ್ಟು ಸರಿಯಾಗಿ ಕೂತಿತು! ಗೆದ್ದವಳ ಹಾಗೆ ಅವಳ ಎದೆ ಒಂದು ಕ್ಷಣ ಹಗುರವಾಯಿತು. ಮರುಕ್ಷಣ ಫುಟ್‌ಪಾತಿನ ಮೇಲೆ ನಿಂತೇಬಿಟ್ಟಳು. ಹಿಂದೆ ಬರುತ್ತಿದ್ದವನು ಡಿಕ್ಕಿ ಹೊಡೆದು 'ನೋಡ್ಕೊಂಡು ನಿಲ್ರೀ' ಎಂದು ಬೈದು ಹೋದ. ಕೂಸಿನ ಕಾರಣವನ್ನು ತ್ರಿಪುರಸುಂದರಮ್ಮ ಹೇಳಿಲ್ಲ. ಪರಮಶಿವಯ್ಯ ಹೇಳಿಲ್ಲ. ಅವರಿಗೆ ತೋಚಿಯೇ ಇಲ್ಲ. ಅವ್ವನನ್ನು ಕೊಳೆ ಅಂದವರ ಕೈಗೆ ತೊಳೆದ ಕಾರಣವೊಂದನ್ನು ತಾನೇ ಹುಡುಕಿ ತಂದು ಕೊಡುತ್ತಿದ್ದೇನೆ. ಮಡಿಸಿ, ಇಸ್ತ್ರಿ ಹಾಕಿ.

ಪರಮಶಿವಯ್ಯನವರ ಮನೆಯ ಮೆಟ್ಟಿಲ ಹತ್ತಿರ ನಂದೀಶ್ ಕಾಯುತ್ತಿದ್ದ. ಬ್ಯಾಂಕಿನಲ್ಲಿ ಕೆಲಸ, ಕೂಟಕ್ಕೆ ಇವಳಿಗಿಂತ ಆಮೇಲೆ ಬಂದವನು. ಇವಳ ಜನವೇ. ಅದು ಭಾಗ್ಯಳಿಗೆ ಮಾತ್ರ ಗೊತ್ತು. ನಂದೀಶ್ ಎಂಬ ಹೆಸರು ಕೇಳಿ ಪರಮಶಿವಯ್ಯ ತಮ್ಮವನೇ ಅಂದುಕೊಂಡಿದ್ದರು. 'ಯಾವ ಮಠದ ಕಡೆಯೋರಪ್ಪ?' ಎಂದು ಒಮ್ಮೆ ಕೇಳಿದಾಗ ಅವನು ನಕ್ಕಿದ್ದ. ಆ ನಗುವನ್ನು ಅವರು ಉತ್ತರ ಅಂದುಕೊಂಡರು. 'ಅಕ್ಕಾ,' ಎಂದ ನಂದೀಶ್, ಸಣ್ಣ ದನಿಯಲ್ಲಿ. 'ಐದು ನಿಮಿಷದ ಕೆಲಸ. ಪೂರ್ವಪಕ್ಷ ಹೇಳ್ಬಿಡಿ. ಅವ್ರು ಹೌದು ಅಂತಾರೆ. ಆಮೇಲೆ ಚಿಂದಿ ಮಾಡಿ, ನಾನೂ ಇದೀನಿ.'

'ನೀನು ಎಲ್ಲಿದೀಯ ನಂದೀಶ?'

ಅವನು ಚಪ್ಪಲಿಯನ್ನು ಜೋಡಿ ಮಾಡಿ ಇಟ್ಟ.

ಹಾಲಿನಲ್ಲಿ ಜಮಖಾನ ಹಾಸಿತ್ತು. ಅದರಲ್ಲಿ ಕೆಂಪು ನೀಲಿ ಪಟ್ಟೆಗಳಿದ್ದವು ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಬೆರಗಿನಿಂದ ನೋಡಿ ಕೂರುತ್ತಿದ್ದರು. ಭಾಗ್ಯ ಬಾಗಿಲಲ್ಲಿ ಕಾಣಿಸಿದ್ದೇ ತಡ ತ್ರಿಪುರಸುಂದರಮ್ಮ ಮಡಚುವ ಕಬ್ಬಿಣದ ಕುರ್ಚಿ ತಂದು ಎಂದಿನ ಜಾಗದಲ್ಲಿ ಬಿಡಿಸಿದರು. 'ಬನ್ನಿ ಭಾಗ್ಯ, ಬೆನ್ನು ಹೇಗಿದೆ?' ಅದೇ ನಗು, ಅದೇ ಆದರ. ಮೊದಲ ದಿನವೂ ಹೀಗೇ: 'ನೀವು ಮೇಷ್ಟ್ರು, ನಿಂತು ನಿಂತು ಬೆನ್ನು ನೋವಿರತ್ತೆ, ಕೆಳಗೆ ಕೂರಬೇಡಿ.' ಅವಳಿಗೆ ಆಗ ಬೆನ್ನುನೋವು ಇರಲಿಲ್ಲ. ಬೇಡ ಅಂದರೆ ಅವರಿಗೆ ಬೇಸರವಾದೀತು ಎಂದು 'ಹೌದಮ್ಮ, ಸ್ವಲ್ಪ' ಅಂದಿದ್ದಳು. ಆಮೇಲೆ ಕೂಟಕ್ಕೆ ಬರುವಾಗೆಲ್ಲ ಒಂದು ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ಈಚೆಗೆ ನಿಜವಾಗಿಯೂ ನೋಯುತ್ತಿತ್ತೋ ಏನೋ. ಗಂಡಸರೆಲ್ಲ ನೆಲದ ಮೇಲೆ, ನನಗೊಬ್ಬಳಿಗೆ ಕುರ್ಚಿ ಕಣವ್ವಾ ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡಿದ್ದಳು. ಅವಳು ಕೂತಳು. ಪರಮಶಿವಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

'ಪೂರ್ವಪಕ್ಷಕ್ಕೆ ಮುಂಚೆ ಒಂದು ಮಾತು,' ಎಂದವನು ನಾಗಭೂಷಣ್. ಹೈಕೋರ್ಟಿನ ವಕೀಲ, ಕೂಟದ ಹಳಬ. 'ಈ ಕಂಪ್ಲೇಂಟ್ ಎಲ್ಲಾ ನಿಂತಿರೋದು ಕೆಲಸದವಳ ಮಾತಿನ ಮೇಲೆ. ಅವಳಿಗೂ ಈ ಮನೆ ಅಮ್ಮನಿಗೂ ಮೊನ್ನೆ ತಾನೆ ಜಟಾಪಟಿ ಆಗಿದೆ. ಅಂಥೋಳ ಮಾತು ನಂಬ್ತೀರಾ?'

ಆಳೇಟು. ಎಳೆ ಮಗುವಿಗೂ ಗೊತ್ತಾಗುವಂಥ ಆಳೇಟು. ಭಾಗ್ಯ ಕೂಗಿಗೆ ಕಾದಳು. ಒಬ್ಬರು ಕಾಫಿ ಲೋಟದ ತಳ ನೋಡುತ್ತಿದ್ದರು. ಇನ್ನೊಬ್ಬರು ಕನ್ನಡಕ ಒರೆಸಿಕೊಂಡರು. ಅವಳು ನಂದೀಶನ ಕಡೆ ನೋಡಿದಳು. ಅವನು ಫ್ಯಾನು ನೋಡುತ್ತಿದ್ದ.

'ಅದಿರಲಿ,' ಎಂದರು ಪರಮಶಿವಯ್ಯ. 'ಹನ್ನೆರಡನೇ ಶತಮಾನದಲ್ಲೇ ಇದನ್ನೆಲ್ಲ ಒದ್ದು ಬಂದವರು ನಾವು. ಅಂಥ ಮನೇಲಿ ಇದು ನಡೆಯೋದು ಸಾಧ್ಯವೇ?' ಸಾಧಿಸಬೇಕಾದ್ದನ್ನೇ ಸಾಧನ ಮಾಡಿಕೊಳ್ಳುವುದಕ್ಕೆ ಏನು ಹೆಸರು ಎಂದು ಅವಳಿಗೆ ಕಲಿಸಿದವರು ಇವರೇ, ಇದೇ ಹಾಲಿನಲ್ಲಿ, ಇದೇ ದನಿಯಲ್ಲಿ.

'ಮೇಡಂ, ಸಿಂಪಲ್ ಆಗಿ ಕೇಳ್ತೀನಿ,' ಎಂದ ನಾಗಭೂಷಣ್, ಈಗ ನೇರ ಅವಳತ್ತ ತಿರುಗಿ. 'ನೀವು ಏಳೆಂಟು ವರ್ಷದಿಂದ ಬರ್ತಿದೀರ. ನೀವ್ಯಾರು ಅಂತ ಈ ಮನೆಗೆ ಗೊತ್ತು. ನೀವು ಬಂದು ಹೋದಾಗ ಒಂದು ಸಲನಾದ್ರೂ ಈ ಜಮಖಾನ ಒಗೆಸಿದ್ರಾ? ಇಲ್ಲ. ಜಾತಿ ಕಾರಣ ಆಗಿದ್ರೆ ಪ್ರತಿ ಸೋಮವಾರ ಒಗೆಸಬೇಕಿತ್ತಲ್ಲ? ಕಾರಣ ಇದ್ದೂ ಕಾರ್ಯ ಇಲ್ಲ. ಅಲ್ಲಿಗೆ ನಿಮ್ಮ ಹೇತು ಬಿದ್ದುಹೋಯ್ತು.'

ಮೆಚ್ಚುಗೆಯ ಒಂದು ಸಣ್ಣ ಗೊಣಗು ಹಾಲಿನಲ್ಲಿ ಸುತ್ತಿತು. ಭಾಗ್ಯಳಿಗೂ ಒಳಗೊಳಗೇ ಭಲೇ ಅನ್ನಿಸಿತು. ಅಷ್ಟು ಹುರಿಗೊಂಡ ವಾದ. ಉತ್ತರಕ್ಕಾಗಿ ತಲೆ ತಗ್ಗಿಸಿದಳು. ಕಣ್ಣಿಗೆ ಬಿದ್ದದ್ದು ತನ್ನ ಪಾದ. ಪಾದದ ಪಕ್ಕ ಕುರ್ಚಿಯ ಕಾಲು. ಕುರ್ಚಿಯ ನಾಲ್ಕೂ ಕಾಲು ನಿಂತದ್ದು ಕೆಂಪು ಗಾರೆಯ ಬರಿ ನೆಲದ ಮೇಲೆ. ಜಮಖಾನದ ಅಂಚು ಅಲ್ಲಿಂದ ಒಂದು ಗೇಣು ಆಚೆಗೆ ಮುಗಿದಿತ್ತು. ಗಾರೆಯ ಮೇಲೆ ನಾಲ್ಕು ಸಣ್ಣ ಗುಳಿಗಳು, ಪ್ರತಿ ವಾರ ಅದೇ ಜಾಗದಲ್ಲಿ ಕುರ್ಚಿ ಊರಿ ಊರಿ ಬಿದ್ದವು. ಒಂದು ವಾರವೂ ಕುರ್ಚಿ ಅತ್ತಿತ್ತ ಆಗಿರಲಿಲ್ಲ. ಬೆನ್ನು ಹೇಗಿದೆ ಭಾಗ್ಯ. ಬೆನ್ನು ನೋವಲ್ವಾ, ಕೆಳಗೆ ಕೂರಬೇಡಿ. ವಯಸ್ಸಾದೋರು, ಕೆಳಗೆ ಕೂರಬೇಡಿ. ಅವ್ವ ಮರ್ಯಾದೆ ಮಾಡಲು ಹೋಗಿ ಕುರ್ಚಿ ಬೇಡ ಅಂದಳು.

'ನಾನು ಯಾವತ್ತೂ ಜಮಖಾನದ ಮೇಲೆ ಕೂತಿಲ್ಲ,' ಎಂದಳು ಭಾಗ್ಯ.

ಎಲ್ಲರ ಕಣ್ಣೂ ಮೊದಲು ಕುರ್ಚಿಗೆ, ಆಮೇಲೆ ಜಮಖಾನದ ಅಂಚಿಗೆ, ಆಮೇಲೆ ಬೇರೆ ಬೇರೆ ಕಡೆಗೆ ಹೋದವು. 'ಇದೇನಿದು, ನಿಮ್ಮ ಬೆನ್ನಿಗೆ ಅಂತ...' ಎಂದು ತ್ರಿಪುರಸುಂದರಮ್ಮ ಶುರುಮಾಡಿ ನಿಲ್ಲಿಸಿದರು. ಅವರ ಮುಖದಲ್ಲಿ ಕಂಡದ್ದು ನಿ‌ಜವಾದ ನೋವು. ಅದೇ ಭಾಗ್ಯಳನ್ನು ಇನ್ನಷ್ಟು ಹೆದರಿಸಿತು. ಈಕೆ ಸುಳ್ಳು ಹೇಳುತ್ತಿಲ್ಲ. ಬೆನ್ನಿಗೆ ಅಂತಲೇ ನಂಬಿದ್ದಾರೆ. ಇಷ್ಟು ವರ್ಷ ಇಬ್ಬರೂ ಸೇರಿ ಒಂದು ಬೆನ್ನುನೋವನ್ನು ಸಾಕಿಕೊಂಡು ಬಂದಿದ್ದೇವೆ.

ನಾಗಭೂಷಣ್ ಬೇಗ ಚೇತರಿಸಿಕೊಂಡ. 'ಕುರ್ಚಿ ಕೊಟ್ಟಿದ್ದು ಗೌರವ ಮೇಡಂ. ಗೌರವಾನ ಹೀಗೆ ತಿರುಚಬಾರದು. ಒಂದು ದೃಷ್ಟಾಂತ ಕೊಡಿ ಸಾಕು. ನಿಮ್ಮೋರು ಇನ್ನೊಬ್ಬರು ಯಾರಾದ್ರೂ ಇಲ್ಲಿ ಕೆಳಗೆ ಕೂತಿದ್ರೆ ಹೋಲಿಸಿ ನೋಡಬಹುದಿತ್ತು. ಇದ್ದಾರಾ?'

ಜಮಖಾನದ ನಟ್ಟನಡುವೆ, ಒಂದು ಕೆಂಪು ಪಟ್ಟೆಯ ಮೇಲೆ ಕೂತಿದ್ದ ನಂದೀಶ್ ಒಂದು ದಾರದ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಬೆರಳ ತುದಿ ರಕ್ತವಿಲ್ಲದೆ ಬಿಳಿಚಿತ್ತು. ಅವನು ತಲೆ ಎತ್ತಲಿಲ್ಲ. ಭಾಗ್ಯಳ ಹತ್ತಿರ ಕೂಟದಲ್ಲಿ ಯಾರ ಹತ್ತಿರವೂ ಇಲ್ಲದಂಥ ದೃಷ್ಟಾಂತ ಇತ್ತು. ಹೆಸರು ಹೇಳಿದರೆ ಸಾಕು. ಗೊತ್ತಿಲ್ಲದವನು ಕೂತ, ಒಗೆಸಲಿಲ್ಲ. ಗೊತ್ತಾದವಳು ಕೂತಳು, ಒಗೆಸಿದರು. ಎದ್ದು ನಿಂತು ಯಾರೂ ಅಲ್ಲಗಳೆಯಲಾರರು. ಗೆಲುವು ಬಾಯಿಯ ತುದಿಯಲ್ಲಿತ್ತು. ಮರುದಿನ ಬೆಳಗ್ಗೆ ಪಿಳ್ಳಮ್ಮನ ತೋಳು ಮತ್ತೆ ನೋಯುತ್ತದೆ, ಅಷ್ಟೇ.

'ಇಲ್ಲ,' ಎಂದಳು.

ನಂದೀಶನ ಬೆರಳಿಂದ ದಾರ ಸಡಿಲವಾಯಿತು.

'ನೋಡಿ, ಕ್ರಮ ತಪ್ತಾ ಇದೆ,' ಎಂದರು ಪರಮಶಿವಯ್ಯ, ಮತ್ತೆ ತಮ್ಮ ಹಳೆಯ ಮೇಷ್ಟ್ರ ದನಿಗೆ ಬಂದು. ಆ ದನಿಯಲ್ಲಿ ಅವರಿಗೇ ಎಷ್ಟು ನೆಮ್ಮದಿ ಸಿಕ್ಕಿತು ಎಂದು ಕಾಣುತ್ತಿತ್ತು. 'ಕುರ್ಚಿ ವಿಷಯ ಎಲ್ಲಾ ಆಮೇಲೆ, ನಿಮ್ಮ ಉತ್ತರಪಕ್ಷದಲ್ಲಿ ಧಾರಾಳವಾಗಿ ಹೇಳಿ, ಯಾರೂ ತಡೆಯಲ್ಲ. ಮೊದಲು ಪೂರ್ವಪಕ್ಷ. ಸುಂದರಿ, ನೀನು ಇಲ್ಲಿ ಎದುರಿಗೆ ಬಂದು ಕೂತ್ಕೋ. ಹಾಂ. ಈಗ ಹೇಳಿ ಭಾಗ್ಯ. ಇವಳು ಯಾಕೆ ಒಗೆಸಿದಳು, ಇವಳ ಕಡೆಯಿಂದ ಹೇಳಿ.'

ತ್ರಿಪುರಸುಂದರಮ್ಮ ಬಂದು ಕೂತರು. ಸೆರಗು ಸರಿಮಾಡಿಕೊಂಡು ಭಾಗ್ಯಳ ಮುಖವನ್ನೇ ನೋಡಿದರು. ತಾನು ಯಾಕೆ ಹಾಗೆ ಮಾಡಿದೆ ಎಂದು ಇವಳ ಬಾಯಲ್ಲಿ ಕೇಳಿಸಿಕೊಳ್ಳಲು ಕಾದಿದ್ದರು. ಹೌದು ಅನ್ನಲು ತಲೆ ಆಗಲೇ ಸ್ವಲ್ಪ ಬಾಗಿತ್ತು.

ಎಲ್ಲ ವಾಕ್ಯಗಳೂ ಭಾಗ್ಯಳ ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತಿದ್ದವು. ಹತ್ತು ಜನ ಬಂದುಹೋಗುವ ಮನೆ, ಧೂಳು, ಸೀನು, ಕೂಸಿನ ಬಾಯಿ. ಅವಳು ಕುರ್ಚಿಯಿಂದ ಎದ್ದಳು. ಮಾತಾಡಲು ಎದ್ದಳು ಅಂದುಕೊಂಡು ಹಾಲು ಕಿವಿಗೊಟ್ಟಿತು.

'ಹೇಳಲ್ಲ ಸಾರ್.'

'ಅಂದ್ರೆ?'

'ಪೂರ್ವಪಕ್ಷ ನಾನು ಹೇಳಲ್ಲ.'

'ಹಾಗಂದ್ರೆ ಹೇಗೆ?' ನಾಗಭೂಷಣ್ ನಕ್ಕ. 'ಬರಲ್ಲ ಅಂತ ಒಪ್ಕೊಂಡ್ಬಿಡಿ ಮತ್ತೆ.'

'ಪೂರ್ವಪಕ್ಷ ಹೇಳದೋರಿಗೆ ಇಲ್ಲಿ ಉತ್ತರಪಕ್ಷ ಇಲ್ಲ,' ಎಂದರು ಪರಮಶಿವಯ್ಯ. ಬೆದರಿಸುವ ದನಿಯಲ್ಲ, ಬೇಡಿಕೊಳ್ಳುವ ದನಿ. 'ನಿಮಗೆ ಗೊತ್ತಿದೆ ಭಾಗ್ಯ. ನೀವು ಸೋತಂಗಾಗತ್ತೆ. ಕೂಟಾನೇ ಬಿಟ್ಟಂಗಾಗತ್ತೆ. ಒಂದೈದು ನಿಮಿಷ. ನಿಮಗೆ ಬಾರದ್ದೇನಲ್ಲ, ಹೇಳಿ.'

'ಬರತ್ತೆ ಸಾರ್. ಅಮ್ಮಾವ್ರಿಗೆ ತೋಚದೇ ಇರೋ ಕಾರಣಾನೂ ನನಗೆ ಬರತ್ತೆ. ಅದಕ್ಕೇ ಹೇಳಲ್ಲ.'